ಕಿವಿಯೋಲೆ ಮಾಡುವ ಶ್ರಿಂಕ್ ಶೀಟ್, ನಮ್ಮ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ

ಶ್ರಿಂಕ್ ಶೀಟ್ ಗೊತ್ತಲ್ವಾ? ಮಕ್ಕಳು ಅದರ ಮೇಲೆ ಚಿತ್ರ ಬರೆದು, ಕತ್ತರಿಸಿ, ಓವನ್ನಿನಲ್ಲಿ ಇಡುತ್ತಾರೆ. ಎರಡು ನಿಮಿಷದಲ್ಲಿ ಬಿಸ್ಕತ್ತಿನಗಲದ ಚಿತ್ರ ಎರಡು ರೂಪಾಯಿ ನಾಣ್ಯದಷ್ಟಾಗುತ್ತದೆ. ತೆಳು ಹಾಳೆ ಗಟ್ಟಿ ಬಿಲ್ಲೆಯಾಗುತ್ತದೆ. ಕೀಚೈನ್, ಕಿವಿಯೋಲೆ ಮಾಡುವವರು ಇದನ್ನು ಜಾಸ್ತಿ ಕೊಳ್ಳುತ್ತಾರೆ. ನಾನು ಕೊಂಡದ್ದು ಬೇರೆ ಕೆಲಸಕ್ಕೆ.

ನಾನು ಸಾಗರದಲ್ಲಿ ಬಿಎಸ್ಸಿ ಮಕ್ಕಳಿಗೆ ಮೈಕ್ರೋಬಯಾಲಜಿ ಪಾಠ ಮಾಡುವವಳು. ಒಂದೂವರೆ ವರ್ಷದಲ್ಲಿ ಇಂಥ ನಲವತ್ತು ಹಾಳೆ ಮುಗಿಸಿದ್ದೇವೆ. ರಕ್ತದ ಹನಿ, ಯೀಸ್ಟ್ ಕಣ, ಅರಿಶಿನದ ಚುಕ್ಕೆ, ಹೀಗೆ ಕಣ್ಣಿಗೆ ಸುಲಭವಾಗಿ ಸಿಗದ್ದನ್ನು ನೋಡಲು ಬಳಸಿದ್ದು. ಇಂಥ ಕೆಲಸಕ್ಕೆ ಈ ಹಾಳೆ ಹೇಗಿದೆ ಎಂದು ಕನ್ನಡದಲ್ಲಿ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ನನ್ನ ಹಾಗೆ ಸಣ್ಣ ಊರಿನ ಲ್ಯಾಬಿನಲ್ಲಿ ಕೂತವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲ ಸಲ ಆನ್‌ಲೈನಿನಲ್ಲಿ ತರಿಸಿದೆ. ಹತ್ತು ಎ4 ಹಾಳೆಗೆ 350 ರೂಪಾಯಿ. ಪ್ಯಾಕೆಟ್ ಮೇಲೆ ಶ್ರಿಂಕ್ ಶೀಟ್ ಎಂದೇ ಚೀಟಿ ಅಂಟಿಸಿತ್ತು. ಒಳಗಿದ್ದದ್ದು ಓಎಚ್‌ಪಿ ಶೀಟು, ಪ್ರೊಜೆಕ್ಟರಿನಲ್ಲಿ ಇಟ್ಟು ಪಾಠ ತೋರಿಸುವ ಪಾರದರ್ಶಕ ಹಾಳೆ. ಅದು ಪಾಲಿಯೆಸ್ಟರಿನದು. ಓವನ್ನಿನಲ್ಲಿ ಇಟ್ಟರೆ ಅಂಚು ಸ್ವಲ್ಪ ಸೊಟ್ಟಗಾಯಿತು, ಅಷ್ಟೇ. ಹತ್ತು ನಿಮಿಷ ಕಾದರೂ ಕುಗ್ಗುವ ಲಕ್ಷಣ ಕಾಣಲಿಲ್ಲ. ವಾಪಸ್ ತಗೊಳ್ಳಿ ಎಂದು ಬರೆದೆ. ಪ್ಯಾಕೆಟ್ ಒಡೆದಿದ್ದೀರಿ, ಆಗೋದಿಲ್ಲ ಎಂದು ಉತ್ತರ ಬಂತು. ಒಡೆಯದೆ ಪರೀಕ್ಷೆ ಮಾಡುವುದು ಹೇಗೆ? ಆ ದುಡ್ಡು ನನ್ನ ಕೈಯಿಂದ ಹೋಯಿತು. ಕಾಲೇಜಿನ ಬಿಲ್ಲಿಗೆ ಹಾಕಲು ಮನಸ್ಸು ಒಪ್ಪಲಿಲ್ಲ.

ಎರಡನೇ ಸಲ ಬೆಂಗಳೂರಿಗೆ ಹೋದಾಗ ಕ್ರಾಫ್ಟ್ ಸಾಮಾನಿನ ಅಂಗಡಿಗೇ ಹೋದೆ. ಅಂಗಡಿಯಲ್ಲಿದ್ದ ಹುಡುಗನಿಗೆ, 'ಅಪ್ಪಾ, ಒಂದು ಮೂಲೆ ಕತ್ತರಿಸಿ ಬಿಸಿ ಮಾಡಿ ತೋರಿಸು, ಆಮೇಲೆ ತಗೋತೀನಿ' ಎಂದೆ. ಅವನು ಹೀಟ್ ಗನ್ ಹಿಡಿದ. ಉಗುರಗಲದ ಚೂರು ಹುಳದ ಹಾಗೆ ಸುರುಳಿ ಸುತ್ತಿಕೊಂಡಿತು. ನನಗೆ ಗಾಬರಿಯಾಯಿತು. ಮರುಕ್ಷಣ ತಾನೇ ಬಿಚ್ಚಿಕೊಂಡು ಚಪ್ಪಟೆಯಾಗಿ ಕೂತಿತು. ಮುಟ್ಟಿ ನೋಡಿದರೆ ಗುಂಡಿಯಷ್ಟು ಗಟ್ಟಿ. ಹತ್ತು ಹಾಳೆಗೆ 480 ರೂಪಾಯಿ ಕೊಟ್ಟು ಎರಡು ಪ್ಯಾಕ್ ತಂದೆ. ಅಂದಿನಿಂದ ಎಲ್ಲಿ ಕೊಂಡರೂ ಮೊದಲು ಮೂಲೆ ಕತ್ತರಿಸಿ ನೋಡುತ್ತೇನೆ. ನೀವೂ ಹಾಗೇ ಮಾಡಿ.

ಈ ಹಾಳೆ ಯಾವುದರದ್ದು ಎಂದು ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಇದು ಪಾಲಿಸ್ಟೈರೀನ್. ತ್ರಿಕೋನದ ಒಳಗೆ 6 ಎಂದು ಬರೆದಿರುತ್ತಾರಲ್ಲ, ಅದೇ ಪ್ಲಾಸ್ಟಿಕ್. ಕಾರ್ಖಾನೆಯಲ್ಲಿ ಬಿಸಿ ಇರುವಾಗಲೇ ಇದನ್ನು ಉದ್ದಕ್ಕೂ ಅಡ್ಡಕ್ಕೂ ಎಳೆಯುತ್ತಾರೆ. ಎಳೆದ ಹಾಗೇ ಹಿಡಿದು ತಣ್ಣಗೆ ಮಾಡುತ್ತಾರೆ. ಒಳಗಿನ ಉದ್ದುದ್ದ ಅಣುಗಳ ಎಳೆಗಳು ಜಗ್ಗಿದ ಸ್ಥಿತಿಯಲ್ಲೇ ಸಿಕ್ಕಿಬೀಳುತ್ತವೆ. ಸುಮಾರು 100 ಡಿಗ್ರಿ ದಾಟಿದರೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಎಳೆಗಳು ಬಿಡುಗಡೆಯಾಗಿ ಮತ್ತೆ ಉಂಡೆಯ ಹಾಗೆ ಸುತ್ತಿಕೊಳ್ಳುತ್ತವೆ. ಹಾಳೆ ಕುಗ್ಗುವುದು ಅದಕ್ಕೇ. ಪ್ಲಾಸ್ಟಿಕ್ ಎಲ್ಲೂ ಕಳೆದುಹೋಗುವುದಿಲ್ಲ. ಅಗಲದಲ್ಲಿ ಹೋದದ್ದು ದಪ್ಪದಲ್ಲಿ ಬರುತ್ತದೆ.

ನಮ್ಮ ಲ್ಯಾಬಿನಲ್ಲಿ ಸೂಕ್ಷ್ಮಜೀವಿ ಬೆಳೆಸುವ ಪೆಟ್ರಿ ಡಿಶ್ ಕೂಡ ಪಾಲಿಸ್ಟೈರೀನೇ. ರಕ್ತದಲ್ಲಿ ರೋಗದ ಗುರುತು ಹುಡುಕುವ ಎಲೈಸಾ ಪರೀಕ್ಷೆಯ 96 ಗುಳಿಯ ಪ್ಲೇಟೂ ಹೆಚ್ಚಾಗಿ ಅದೇ. ಪ್ರೋಟೀನುಗಳು ಈ ಪ್ಲಾಸ್ಟಿಕ್ಕಿಗೆ ತಾವಾಗಿ ಅಂಟಿಕೊಳ್ಳುತ್ತವೆ, ಅದಕ್ಕೇ ಎಲೈಸಾದವರು ಇದನ್ನು ಆರಿಸಿದ್ದು. ಅಂದರೆ ಮಕ್ಕಳ ಆಟಿಕೆಯ ಹಾಳೆಯೂ ಆಸ್ಪತ್ರೆಯ ಲ್ಯಾಬಿನ ಪ್ಲೇಟೂ ಒಂದೇ ಬಳ್ಳಿಯ ಕಾಯಿಗಳು. ಇದನ್ನು ಹೇಳಿದ ದಿನ ಒಬ್ಬ ಹುಡುಗ, 'ಹಾಗಾದ್ರೆ ಪೆಟ್ರಿ ಡಿಶ್ಶೂ ಕುಗ್ಗುತ್ತಾ ಮೇಡಂ?' ಎಂದು ಕೇಳಿದ. ಒಳ್ಳೇ ಪ್ರಶ್ನೆ. ಹಳೇ ಮುಚ್ಚಳ ಒಂದನ್ನು ಓವನ್ನಿಗೆ ಇಟ್ಟೆವು. ಮೆತ್ತಗಾಗಿ ದೋಸೆಯ ಹಾಗೆ ಜೋತುಬಿತ್ತು, ಕುಗ್ಗಲಿಲ್ಲ. ಅದನ್ನು ಅಚ್ಚಿನಲ್ಲಿ ಮಾಡಿರುತ್ತಾರೆ, ಹೀಗೆ ಎಳೆದು ಹಿಡಿದಿರುವುದಿಲ್ಲ. ಎಳೆದಿಟ್ಟದ್ದು ಮಾತ್ರ ಕುಗ್ಗುತ್ತದೆ ಎಂಬುದು ಆ ಒಂದು ಮುಚ್ಚಳದಿಂದ ಇಡೀ ಕ್ಲಾಸಿಗೆ ಅರ್ಥವಾಯಿತು.

ಅಮೆರಿಕದಲ್ಲಿ ಈ ಆಟಿಕೆಗೆ ಶ್ರಿಂಕಿ ಡಿಂಕ್ಸ್ ಎಂದು ಹೆಸರು. ವಿಸ್ಕಾನ್ಸಿನ್ ರಾಜ್ಯದ ಬ್ರೂಕ್‌ಫೀಲ್ಡ್‌ನಲ್ಲಿ ಬೆಟ್ಟಿ ಮಾರಿಸ್ ಎಂಬ ಗೃಹಿಣಿ 1973ರಲ್ಲಿ ಶುರು ಮಾಡಿದ್ದು. ಆಟಿಕೆಯನ್ನು ಲ್ಯಾಬಿಗೆ ತಂದವರು ಮಿಶೆಲ್ ಖೈನ್. ಅವರು ಕ್ಯಾಲಿಫೋರ್ನಿಯಾದ ಮರ್ಸೆಡ್‌ನಲ್ಲಿ ಆಗಷ್ಟೇ ಶುರುವಾದ ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಸೇರಿದ್ದರು. ಮೈಕ್ರೋಫ್ಲೂಯಿಡಿಕ್ಸ್ ಮಾಡಬೇಕು, ಅಂದರೆ ಕೂದಲೆಳೆಯಷ್ಟು ಸಣ್ಣ ಕಾಲುವೆಗಳಲ್ಲಿ ರಕ್ತ, ನೀರು ಹರಿಸಿ ಪರೀಕ್ಷೆ ಮಾಡುವ ಚಿಪ್ ತಯಾರಿಸಬೇಕು. ಅದಕ್ಕೆ ಕ್ಲೀನ್ ರೂಮ್, ಅಂದರೆ ಧೂಳು ಸುಳಿಯದ ಕೋಣೆ ಬೇಕು, ಕೋಟಿಗಟ್ಟಲೆಯ ಯಂತ್ರ ಬೇಕು. ಅಲ್ಲಿ ಅದ್ಯಾವುದೂ ಇರಲಿಲ್ಲ. ಚಿಕ್ಕಂದಿನಲ್ಲಿ ಆಡಿದ ಹಾಳೆ ಅವರಿಗೆ ನೆನಪಾಯಿತು. ಕಾಲುವೆಯ ಚಿತ್ರವನ್ನು ಲೇಸರ್ ಪ್ರಿಂಟರಿನಲ್ಲಿ ಆ ಹಾಳೆಯ ಮೇಲೆ ಪ್ರಿಂಟ್ ಮಾಡಿ, ಬ್ರೆಡ್ ಟೋಸ್ಟ್ ಮಾಡುವ ಓವನ್ನಿನಲ್ಲಿ ಇಟ್ಟರು. ಹಾಳೆ ಕುಗ್ಗಿತು. ಗೆರೆ ಸಣ್ಣದಾಯಿತು, ಟೋನರ್ ಪುಡಿ ದಿಬ್ಬದ ಹಾಗೆ ಎತ್ತರವಾಯಿತು. ಅದನ್ನೇ ಅಚ್ಚು ಮಾಡಿ ಸಿಲಿಕೋನ್ ರಬ್ಬರ್ ಸುರಿದು ಚಿಪ್ ತೆಗೆದರು. ಲ್ಯಾಬ್ ಆನ್ ಎ ಚಿಪ್ ಎಂಬ ಪತ್ರಿಕೆಯಲ್ಲಿ 2008ರಲ್ಲಿ ಇದು ಅಚ್ಚಾಗಿದೆ.

ನಾನು ಆ ಲೇಖನ ಓದಿದ್ದು ಬಹಳ ತಡವಾಗಿ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸೆನ್ಸ್ ಎಂಬ ಕೇಂದ್ರವಿದೆ. ಅಲ್ಲಿ ಒಳ್ಳೆಯ ಕ್ಲೀನ್ ರೂಮ್ ಇದೆ. ನಮ್ಮ ಮಕ್ಕಳನ್ನು ಓಪನ್ ಡೇಗೆ ಐಐಎಸ್‌ಸಿಗೆ ಕರೆದುಕೊಂಡು ಹೋಗಿದ್ದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಒಬ್ಬಳು ಹುಡುಗಿ, 'ನಮಗೆ ಇದೆಲ್ಲ ನೋಡೋದಷ್ಟೇ ಅಲ್ವಾ ಮೇಡಂ' ಎಂದಳು. ಬೇಸರದಿಂದೇನೂ ಹೇಳಿದ್ದಲ್ಲ, ಸುಮ್ನೆ ಹೇಳಿದ್ದು. ಆ ಮಾತು ನನ್ನನ್ನು ತುಂಬಾ ದಿನ ಬಿಡಲಿಲ್ಲ. ಕ್ಲೀನ್ ರೂಮ್ ಇಲ್ಲದ ಇನ್ನೊಬ್ಬರು ಟೋಸ್ಟರ್ ಓವನ್ನಿನಲ್ಲಿ ಮಾಡಿದ್ದಾರೆ ಎಂದು ಓದಿದಾಗ ಮೊದಲು ನೆನಪಾದದ್ದು ಆ ಹುಡುಗಿಯೇ.

ಮತ್ತೊಂದು ಕಾರಣವೂ ಇದೆ. ನಮ್ಮ ಕಡೆಯವರಿಗೆ ರಕ್ತದ ರಿಪೋರ್ಟಿಗೆ ಕಾಯುವುದು ಎಂದರೆ ಏನು ಎಂದು ಗೊತ್ತು. ಮಂಗನ ಕಾಯಿಲೆಗೆ ಹೆಸರು ಕೊಟ್ಟ ಕ್ಯಾಸನೂರು ಕಾಡು ಪಕ್ಕದ ಸೊರಬ ತಾಲ್ಲೂಕಿನದು. ರೋಗ ಪತ್ತೆಯಾದದ್ದು 1957ರಲ್ಲಿ. 2018ರ ಕೊನೆಗೆ, 2019ರ ಶುರುವಿಗೆ ನಮ್ಮ ತಾಲ್ಲೂಕಿನ ಅರಳಗೋಡಿನ ಕಡೆ ಅದು ಮತ್ತೆ ಬಂತು. ಆ ಚಳಿಗಾಲದಲ್ಲಿ ಜ್ವರ ಬಂದ ಮನೆಯಲ್ಲೆಲ್ಲ ಒಂದೇ ಮಾತು: ರಿಪೋರ್ಟ್ ಬಂತಾ? ಕಡಿಮೆ ರಕ್ತದಲ್ಲಿ, ಬೇಗ, ಹತ್ತಿರದಲ್ಲೇ ಪತ್ತೆ ಮಾಡುವ ಯಾವ ದಾರಿಯಾದರೂ ನನಗೆ ಮುಖ್ಯವೇ. ಶ್ರಿಂಕ್ ಶೀಟಿನಿಂದ ಮಂಗನ ಕಾಯಿಲೆ ಪತ್ತೆ ಮಾಡಬಹುದು ಎಂದು ನಾನು ಹೇಳುತ್ತಿಲ್ಲ. ಆ ದಾರಿಯಲ್ಲಿ ಯೋಚಿಸುವುದನ್ನು ನಮ್ಮ ಮಕ್ಕಳು ಕಲಿಯಬಹುದು ಎನ್ನುತ್ತಿದ್ದೇನೆ.

ಈಗ ಹಾಳೆಯ ವಿಷಯಕ್ಕೆ ಬರೋಣ.

ಮೊದಲ ಕೆಲಸ ಅಳತೆ. 50 ಮಿಲಿಮೀಟರ್ ಚೌಕ ಕತ್ತರಿಸಿ, ಬಟರ್ ಪೇಪರಿನ ಮೇಲಿಟ್ಟು, ಓಟಿಜಿಯಲ್ಲಿ, ಅಂದರೆ ಮನೆಯಲ್ಲಿ ಬಳಸುವ ಸಣ್ಣ ಕರೆಂಟ್ ಓವನ್ನಿನಲ್ಲಿ, 160 ಡಿಗ್ರಿಗೆ ಇಟ್ಟೆವು. ಎರಡು ನಿಮಿಷದೊಳಗೆ ಮುದುಡಿ, ಬಿಚ್ಚಿ, ಚಪ್ಪಟೆಯಾಯಿತು. ತೆಗೆದ ತಕ್ಷಣ ಮೇಲೊಂದು ಗಾಜಿನ ಸ್ಲೈಡ್ ಒತ್ತಿದರೆ ಸಮತಟ್ಟಾಗುತ್ತದೆ. ತಡ ಮಾಡಿದರೆ ಅಂಚು ಎದ್ದ ಹಾಗೇ ಗಟ್ಟಿಯಾಗುತ್ತದೆ. ತಣ್ಣಗಾದ ಮೇಲೆ ಅಳೆದರೆ ಒಂದು ಬದಿ 21, ಇನ್ನೊಂದು ಬದಿ 23. ನೋಡಿ, ಎರಡೂ ಒಂದೇ ಇಲ್ಲ! ಕಾರ್ಖಾನೆಯಲ್ಲಿ ಒಂದು ಕಡೆ ಸ್ವಲ್ಪ ಜಾಸ್ತಿ ಎಳೆದಿರುತ್ತಾರೆ. ಮಕ್ಕಳು ಲೆಕ್ಕ ಹಾಕಿದರು. ಹಾಳೆಯ ವಿಸ್ತಾರ ಸುಮಾರು ಐದನೇ ಒಂದು ಭಾಗಕ್ಕೆ ಇಳಿದಿದೆ. ಹಾಗಾದರೆ 0.3 ಮಿಲಿಮೀಟರ್ ಇದ್ದ ದಪ್ಪ ಒಂದೂವರೆಗೆ ಏರಿರಬೇಕು. ಫಿಸಿಕ್ಸ್ ಡಿಪಾರ್ಟ್‌ಮೆಂಟಿನಿಂದ ಸ್ಕ್ರೂ ಗೇಜ್ ತಂದು ಅಳೆದರೆ ಒಂದೂವರೆಗಿಂತ ಒಂದು ಕೂದಲು ಮೇಲೆ. ಲೆಕ್ಕ ಸರಿಬಂದಾಗ ಮಕ್ಕಳ ಮುಖ ನೋಡಬೇಕಿತ್ತು.

ಪ್ಯಾಕೆಟ್ ಮೇಲೆ ಈ ಅಳತೆ ಯಾವುದೂ ಇರುವುದಿಲ್ಲ. ಅದು ಈ ಸಾಮಾನಿನ ದೊಡ್ಡ ಕೊರತೆ. ಎಷ್ಟು ಕುಗ್ಗುತ್ತದೆ, ಯಾವ ಕಡೆ ಜಾಸ್ತಿ, ದಪ್ಪ ಎಷ್ಟು ಎಂದು ಎರಡು ಸಾಲು ಅಚ್ಚು ಹಾಕಿದರೆ ನಮ್ಮಂಥವರಿಗೆ ಎಷ್ಟೋ ಅನುಕೂಲ. ಒಂದೇ ಹೆಸರಿನ ಎರಡು ಪ್ಯಾಕ್ ಬೇರೆ ಬೇರೆಯಾಗಿ ಕುಗ್ಗಿದ್ದೂ ಉಂಟು. ಹಾಗಾಗಿ ಪ್ರತಿ ಪ್ಯಾಕ್ ಒಡೆದಾಗಲೂ ಒಂದು ಚೌಕ ಬಲಿ ಕೊಡಬೇಕು. ಹಾಳೆಯ ಒಂದು ಅಂಚಿಗೆ ಬಾಣದ ಗುರುತು ಹಾಕಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಅರ್ಧ ಹಾಳೆ ಕತ್ತರಿಸಿದ ಮೇಲೆ ಯಾವುದು ಉದ್ದ, ಯಾವುದು ಅಡ್ಡ ಎಂದು ಗೊತ್ತಾಗುವುದಿಲ್ಲ.

ಮಕ್ಕಳಿಗೆ ಬಹಳ ಇಷ್ಟವಾದದ್ದು ಅರಿಶಿನದ ಪ್ರಯೋಗ. ಅರ್ಧ ಚಮಚ ಅರಿಶಿನ ಪುಡಿಯನ್ನು ಸ್ಪಿರಿಟ್‌ನಲ್ಲಿ ಕಲಕಿ, ಪುಡಿ ತಳ ಸೇರಿದ ಮೇಲೆ ಮೇಲಿನ ಹಳದಿ ದ್ರಾವಣ ತೆಗೆದುಕೊಂಡೆವು. ಅರಿಶಿನದಲ್ಲಿರುವ ಕರ್ಕ್ಯುಮಿನ್ ಯುವಿ ಟಾರ್ಚಿನ ಬೆಳಕಿಗೆ ಹಸಿರು ಹಳದಿಯಾಗಿ ಹೊಳೆಯುತ್ತದೆ. ಆ ದ್ರಾವಣವನ್ನು ಹತ್ತು ಪಟ್ಟು, ನೂರು ಪಟ್ಟು ತೆಳು ಮಾಡಿ, ಮೈಕ್ರೋಪಿಪೆಟ್ಟಿನಿಂದ 5 ಮೈಕ್ರೋಲೀಟರಿನ ಚುಕ್ಕೆ ಇಟ್ಟೆವು. ಹಾಳೆಯ ನುಣುಪು ಬದಿಯಲ್ಲಿ ಚುಕ್ಕೆ ಓಡಾಡುತ್ತದೆ, ಒಣಗಿದಾಗ ಅಂಚಿಗೆ ಬಳೆಯ ಹಾಗೆ ಕಟ್ಟಿಕೊಳ್ಳುತ್ತದೆ. ಮಬ್ಬು ಬದಿಯಲ್ಲಿ ಚೆನ್ನಾಗಿ ಕೂರುತ್ತದೆ. ಮಬ್ಬು ಬದಿ ಇಲ್ಲದ ಹಾಳೆಯಾದರೆ ನುಣುಪಾದ ಸ್ಯಾಂಡ್ ಪೇಪರಿನಲ್ಲಿ ಮೆಲ್ಲಗೆ ಉಜ್ಜಿ.

ಕಿಟಕಿಗೆಲ್ಲ ಪರದೆ ಎಳೆದು ಟಾರ್ಚ್ ಹಿಡಿದೆವು. ನೂರು ಪಟ್ಟು ತೆಳು ಮಾಡಿದ ಚುಕ್ಕೆ ಇದೆಯೋ ಇಲ್ಲವೋ ಎನ್ನುವಂತಿತ್ತು. ಇಬ್ಬರು ಇದೆ ಎಂದರು, ಉಳಿದವರು ಇಲ್ಲ ಎಂದರು. ಅದೇ ಹಾಳೆ ಓವನ್ನಿಗೆ ಹೋಗಿ ಬಂತು. ಮತ್ತೆ ಟಾರ್ಚ್ ಹಿಡಿದಾಗ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಹಳದಿ ಚುಕ್ಕೆ. ಎಲ್ಲರೂ ಬೆರಳಿಟ್ಟು ತೋರಿಸಿದರು. ಬಣ್ಣ ಅಷ್ಟೇ, ಜಾಗ ಐದನೇ ಒಂದು ಭಾಗ. ಚೆಲ್ಲಾಪಿಲ್ಲಿಯಾಗಿದ್ದ ಜನ ಒಂದೇ ಕಟ್ಟೆಯ ಮೇಲೆ ಬಂದು ಕೂತ ಹಾಗೆ. ಕಿವಿಯೋಲೆ ಮಾಡುವವರಿಗೆ ಈ ಗುಟ್ಟು ಮೊದಲೇ ಗೊತ್ತು: 'ಬಣ್ಣ ತೆಳುವಾಗಿ ಹಚ್ಚಿ, ಕುಗ್ಗಿದ ಮೇಲೆ ಗಾಢವಾಗುತ್ತದೆ' ಎಂದು ಅವರು ಹೇಳುತ್ತಲೇ ಇರುತ್ತಾರೆ.

ಆದರೆ ನಿಜವಾದ ರೋಗಪತ್ತೆಯಲ್ಲಿ ಹೀಗೆ ಮಾಡಲು ಆಗುವುದಿಲ್ಲ. 160 ಡಿಗ್ರಿಯಲ್ಲಿ ಪ್ರೋಟೀನ್ ಉಳಿಯುತ್ತದಾ? ಮೊಟ್ಟೆ ಬೆಂದ ಹಾಗೆ ಬೆಂದುಹೋಗುತ್ತದೆ. ಮೊದಲು ಹಾಳೆ ಕುಗ್ಗಬೇಕು, ಆಮೇಲೆ ಅದರ ಮೇಲೆ ಆ್ಯಂಟಿಬಾಡಿ, ಅಂದರೆ ರೋಗದ ಗುರುತನ್ನು ಹಿಡಿಯುವ ಪ್ರೋಟೀನ್ ಕೂರಿಸಬೇಕು, ಕೊನೆಗೆ ರಕ್ತವೋ ಎಂಜಲೋ ಬರಬೇಕು. ಹಾಗಾದರೆ ಕುಗ್ಗಿದ್ದರಿಂದ ಲಾಭ ಏನು? ಇಲ್ಲೇ ಸ್ವಾರಸ್ಯ ಇರುವುದು.

ಕುಗ್ಗುವ ಮೊದಲು ಹಾಳೆಯ ಮೇಲೆ ಚಿನ್ನದಂಥ ಲೋಹದ ಅತಿ ತೆಳು ಪದರ ಹಾಕುತ್ತಾರೆ. ಬಿಸಿಯಾದಾಗ ಪ್ಲಾಸ್ಟಿಕ್ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಕೆಳಗಿನ ನೆಲ ಕಿರಿದಾದಾಗ ಮೇಲಿನ ಪದರ ಎಲ್ಲಿಗೆ ಹೋಗಬೇಕು? ಸುಕ್ಕುಗಟ್ಟುತ್ತದೆ. ವಿಜಯಪುರದ ದ್ರಾಕ್ಷಿ ಒಣದ್ರಾಕ್ಷಿ ಆಗುವುದನ್ನು ನೆನಪಿಸಿಕೊಳ್ಳಿ. ಒಳಗಿನ ತಿರುಳು ಕುಗ್ಗುತ್ತದೆ, ಸಿಪ್ಪೆ ಅಷ್ಟೇ ಇರುತ್ತದೆ, ಅದಕ್ಕೇ ಮೈಯೆಲ್ಲ ಸುಕ್ಕು. ಐದೂವರೆ ಮೀಟರ್ ಸೀರೆ ನಮ್ಮ ಸೊಂಟದಲ್ಲಿ ನಿಲ್ಲುವುದು ನೆರಿಗೆಯಿಂದ ಅಲ್ವಾ? ಹಾಗೇ ಸಣ್ಣ ಜಾಗದಲ್ಲಿ ಬಹಳ ಮೇಲ್ಮೈ ಸಿಗುತ್ತದೆ. ಜಾಸ್ತಿ ಆ್ಯಂಟಿಬಾಡಿ ಕೂರುತ್ತದೆ, ಹಿಡಿಯಬೇಕಾದ ಪ್ರೋಟೀನ್ ಜಾಸ್ತಿ ಸಿಕ್ಕಿಬೀಳುತ್ತದೆ. ಅದರ ಜೊತೆಗೆ, ಚಿನ್ನದ ಸುಕ್ಕುಗಳ ನಡುವಿನ ಅತಿ ಸಣ್ಣ ಸಂದುಗಳಲ್ಲಿ ಬೆಳಕಿನ ಬಲ ಹೆಚ್ಚುತ್ತದೆ. ಅಲ್ಲಿ ಕೂತ ಹೊಳೆಯುವ ಬಣ್ಣ ಬೇರೆ ಕಡೆಗಿಂತ ಪ್ರಖರವಾಗಿ ಹೊಳೆಯುತ್ತದೆ. ಖೈನ್ ಅವರು ಆಮೇಲೆ ಅರ್ವೈನ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅವರ ಗುಂಪು 2014ರಲ್ಲಿ ಚಿನ್ನ ಮತ್ತು ಸಿಲಿಕಾದ ಸುಕ್ಕುಗಳ ಮೇಲೆ ಇದನ್ನು ತೋರಿಸಿದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಲೇಲಾ ಸೊಲೈಮಾನಿ ಅವರ ಗುಂಪು ಇಂಥದೇ ಹಾಳೆಯ ಮೇಲೆ ಸುಕ್ಕುಗಟ್ಟಿದ ಚಿನ್ನದ ಎಲೆಕ್ಟ್ರೋಡ್ ಮಾಡಿದೆ. ಅಲ್ಲಿ ಬೆಳಕಿನ ಬದಲು ಕರೆಂಟ್ ಅಳೆಯುತ್ತಾರೆ. ಲಾಭದ ಮೂಲ ಮಾತ್ರ ಅದೇ ನೆರಿಗೆ.

ಕ್ರಾಫ್ಟ್ ಹಾಳೆಗಿಂತ ಜಾಸ್ತಿ ಕುಗ್ಗುವ ಪ್ಯಾಕಿಂಗ್ ಫಿಲ್ಮ್ ಕೂಡ ಇದೆ. ಪಾಲಿಯೋಲೆಫಿನ್ ಎನ್ನುತ್ತಾರೆ. ಅದರ ವಿಸ್ತಾರ ನೂರಕ್ಕೆ ತೊಂಬತ್ತೈದರಷ್ಟು ಇಳಿಯುತ್ತದೆ ಎಂದು ಖೈನ್ ಗುಂಪೇ 2010ರಲ್ಲಿ ತೋರಿಸಿದೆ. ನಾನು ಇನ್ನೂ ಬಳಸಿಲ್ಲ. ಪ್ಯಾಕಿಂಗ್ ಅಂಗಡಿಯಲ್ಲಿ ಕೇಳುವಾಗ ಎಚ್ಚರ. ಪಿವಿಸಿ ಫಿಲ್ಮನ್ನೂ ಶ್ರಿಂಕ್ ಎಂದೇ ಕೊಡುತ್ತಾರೆ. ಅದು ಅತಿಯಾಗಿ ಕಾದರೆ ಬರುವ ಹೊಗೆ ಬಹಳ ಕೆಟ್ಟದ್ದು.

ಇದಕ್ಕೆ ಉಲ್ಟಾ ದಾರಿ ಹಿಡಿದವರೂ ಇದ್ದಾರೆ. ಎಂಐಟಿಯ ಎಡ್ ಬಾಯ್ಡನ್ ಗುಂಪು 2015ರಲ್ಲಿ, ಮಕ್ಕಳ ಡೈಪರಿನಲ್ಲಿ ನೀರು ಹೀರುವ ಪದಾರ್ಥವನ್ನೇ ಜೀವಕೋಶದೊಳಗೆ ತುಂಬಿ, ನೀರು ಕುಡಿಸಿ, ಮಾದರಿಯನ್ನೇ ನಾಲ್ಕೂವರೆ ಪಟ್ಟು ಹಿಗ್ಗಿಸಿ ನೋಡಿತು. ಒಬ್ಬರು ಹಾಳೆ ಕುಗ್ಗಿಸಿದರು, ಇನ್ನೊಬ್ಬರು ಜೀವಕೋಶ ಹಿಗ್ಗಿಸಿದರು. ಈ ಎರಡನ್ನೂ ಒಂದೇ ಕ್ಲಾಸಿನಲ್ಲಿ ಹೇಳುವುದು ನನಗೆ ಬಹಳ ಖುಷಿ.

ನಮ್ಮಲ್ಲಿ ಚಿನ್ನದ ಪದರ ಹಾಕುವ ಯಂತ್ರ ಇಲ್ಲ. ಹಾಗಾಗಿ ಸುಕ್ಕಿನ ಲಾಭ ನಮಗೆ ದಕ್ಕಿಲ್ಲ. ನಮಗೆ ದಕ್ಕಿದ್ದು ಸಣ್ಣ ಗುಳಿ ಮತ್ತು ಸಣ್ಣ ಕಾಲುವೆ.

ಗುಳಿಗೆ ಆಫೀಸಿನ ಪಂಚಿಂಗ್ ಮಷೀನ್ ಸಾಕು. ಅದರ ತೂತು 6 ಮಿಲಿಮೀಟರ್. ಕುಗ್ಗಿದ ಮೇಲೆ ಒಂದು ಕಡೆ ಎರಡೂವರೆ, ಇನ್ನೊಂದು ಕಡೆ ಎರಡೂ ಮುಕ್ಕಾಲು. ಸ್ವಲ್ಪ ಮೊಟ್ಟೆಯಾಕಾರ. ಕೆಳಗೆ ಇನ್ನೊಂದು ಕುಗ್ಗಿದ ತುಂಡನ್ನು ಅಂಟಿಸಿದರೆ 8 ಮೈಕ್ರೋಲೀಟರ್ ಹಿಡಿಯುವ ಗುಳಿ ಸಿದ್ಧ. ರಕ್ತದ ಗುಂಪು ನೋಡುವ ಪ್ರಾಕ್ಟಿಕಲ್ಲನ್ನು ಇದರಲ್ಲೇ ಮಾಡಿಸಿದೆ. ಸ್ಲೈಡಿನ ಮೇಲೆ, ಎ ಗುಂಪಿನ ರಕ್ತವನ್ನು ಗಂಟು ಕಟ್ಟಿಸುವ ಆ್ಯಂಟಿ ಎ ಸೀರಮ್ ಒಂದು ಪೂರ್ತಿ ಹನಿ ಬೇಕು, ಸುಮಾರು 50 ಮೈಕ್ರೋಲೀಟರ್. ಇಲ್ಲಿ 4 ಸೀರಮ್, 2 ರಕ್ತ. ಟೂತ್‌ಪಿಕ್ಕಿನಿಂದ ಕಲಕಿ, ಮಸೂರದಲ್ಲಿ ನೋಡಿದರೆ ಕೆಂಪು ರವೆಯ ಹಾಗೆ ಗಂಟು ಕಟ್ಟಿದ್ದು ಸ್ಪಷ್ಟವಾಗಿ ಕಾಣುತ್ತದೆ. ಆ ವರ್ಷ ಸೀರಮ್ ಬಾಟಲಿ ವರ್ಷದ ಕೊನೆತನಕ ಬಂತು. ಸೂಜಿ ಎಂದರೆ ಹೆದರುವ ಮಕ್ಕಳಿಗೂ ಬೆರಳು ಹಿಂಡಿಸಿಕೊಳ್ಳುವ ಕಷ್ಟ ತಪ್ಪಿತು. ಕೈಗವಸು ಹಾಕುವುದು, ಪ್ರತಿಯೊಬ್ಬರಿಗೂ ಹೊಸ ಲ್ಯಾನ್ಸೆಟ್ ಕೊಡುವುದು, ಮುಗಿದ ಮೇಲೆ ಹೈಪೋಕ್ಲೋರೈಟಿನಲ್ಲಿ ನೆನೆಸುವುದು, ಇವೆಲ್ಲ ಎಂದಿನಂತೆ ಆಗಲೇಬೇಕು. ಮತ್ತೆ, ಇದು ಕಲಿಯಲಿಕ್ಕೆ ಮಾತ್ರ. ಯಾರಿಗೂ ರಕ್ತದ ಗುಂಪು ಬರೆದುಕೊಡಲು ಬಳಸಬೇಡಿ.

ಎರಡು ತುಂಡು ಅಂಟಿಸುವುದರಲ್ಲಿ ನಮಗೆ ತುಂಬಾ ಪೆಟ್ಟು ಬಿದ್ದಿದೆ. ಒಂದರ ಮೇಲೊಂದು ಇಟ್ಟು ಓವನ್ನಿನಲ್ಲಿ ಕಾಯಿಸಿದರೆ ತಾವೇ ಬೆಸೆದುಕೊಳ್ಳುತ್ತವೆ ಎಂದು ಖೈನ್ ಗುಂಪಿನ ಲೇಖನದಲ್ಲಿದೆ. ಬೆಸೆಯುತ್ತವೆ, ನಿಜ. ಆದರೆ ಮುದುಡುವಾಗ ಜರುಗಿಬಿಡುತ್ತವೆ. ನಮ್ಮ ಹತ್ತರಲ್ಲಿ ನಾಲ್ಕು ಸೋರಿದವು. ಬೇರೆ ಬೇರೆ ಕುಗ್ಗಿಸಿ, ಆಮೇಲೆ ತೆಳು ಡಬಲ್ ಸೈಡ್ ಟೇಪಿನಲ್ಲಿ ಅಂಟಿಸುವುದು ನಮಗೆ ಒಗ್ಗಿತು. ಎರಡು ತುಂಡಿನ ಬಾಣದ ಗುರುತು ಒಂದೇ ದಿಕ್ಕಿಗೆ ಇರಲಿ.

ಕಾಲುವೆಗೆ ಪ್ರಿಂಟರ್ ಬಳಸುವ ಆಸೆ ನನಗೂ ಇತ್ತು. ಲೇಸರ್ ಪ್ರಿಂಟರಿನ ಒಳಗೂ ಬಿಸಿ ರೋಲರ್ ಇರುತ್ತದೆ, ಹಾಳೆ ಅಲ್ಲೇ ಕುಗ್ಗಿ ಸಿಕ್ಕಿಕೊಂಡರೆ ಮಷೀನೇ ಹೋಗುತ್ತದೆ. ಜೆರಾಕ್ಸ್ ಅಂಗಡಿಯ ಅಣ್ಣನನ್ನು ಕೇಳಿದೆ. 'ಬೇಡ ಮೇಡಂ, ನನ್ನ ಹೊಟ್ಟೆಪಾಡು ಅದು' ಎಂದರು. ಅವರು ಹೇಳಿದ್ದು ಸರಿಯೇ. ಕೊನೆಗೆ ಖೈನ್ ಗುಂಪಿನ ಇನ್ನೊಂದು ಉಪಾಯ ಹಿಡಿದೆವು: ಸಿರಿಂಜಿನ ಸೂಜಿಯಿಂದ ಹಾಳೆಯ ಮೇಲೆ ಗೀರುವುದು. ಸ್ಟೀಲ್ ಸ್ಕೇಲ್ ಇಟ್ಟು, ಒಂದೇ ಒತ್ತಡದಲ್ಲಿ, ಮೂರು ಸಲ. ಕುಗ್ಗಿದಾಗ ಗೀರು ಕಿರಿದೂ ಆಗುತ್ತದೆ, ಆಳವೂ ಆಗುತ್ತದೆ. ಮೈಕ್ರೋಸ್ಕೋಪಿನಲ್ಲಿ ಅಳೆದಾಗ ನಮ್ಮ ಒಳ್ಳೇ ಕಾಲುವೆಯ ಅಗಲ ಸುಮಾರು 200 ಮೈಕ್ರಾನ್, ಎರಡು ಮೂರು ಕೂದಲೆಳೆಯಷ್ಟು. ಮೇಲೆ ಸೆಲ್ಲೋ ಟೇಪ್ ಅಂಟಿಸಿ, ಎರಡೂ ತುದಿಯಲ್ಲಿ ತೂತು ಬಿಟ್ಟರೆ ಚಿಪ್ ಆಯಿತು.

ನೀರು ಮಾತ್ರ ತಾನಾಗಿ ಒಳಗೆ ಹೋಗುವುದಿಲ್ಲ. ಪಾಲಿಸ್ಟೈರೀನಿಗೆ ನೀರು ಹಿಡಿಸುವುದಿಲ್ಲ, ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಹೊರಗೇ ನಿಲ್ಲುತ್ತದೆ. ಸೋಪಿನ ಹಾಗೆ ಕೆಲಸ ಮಾಡುವ ಟ್ವೀನ್ 20 ಒಂದು ತೊಟ್ಟು ಬೆರೆಸಿ, ಇನ್ಸುಲಿನ್ ಸಿರಿಂಜಿನಿಂದ ಮೆಲ್ಲಗೆ ತಳ್ಳಬೇಕು. ವೈ ಆಕಾರದ ಕಾಲುವೆಯಲ್ಲಿ ಒಂದು ಕಡೆಯಿಂದ ಕೆಂಪು, ಇನ್ನೊಂದು ಕಡೆಯಿಂದ ನೀಲಿ ಬಣ್ಣದ ನೀರು ಬಿಟ್ಟೆವು. ಎರಡೂ ಸೇರಿದ ಮೇಲೂ ಬೆರೆಯಲಿಲ್ಲ. ಪಕ್ಕಪಕ್ಕದಲ್ಲಿ, ನಡುವೆ ನೂಲು ಹಿಡಿದ ಹಾಗೆ, ಕೊನೆತನಕ ಹರಿದವು. ಇಷ್ಟು ಸಣ್ಣ ಜಾಗದಲ್ಲಿ ನೀರು ಸುಳಿ ಹೊಡೆಯುವುದಿಲ್ಲ ಎಂದು ಪುಸ್ತಕದಲ್ಲಿ ನೂರು ಸಲ ಓದಿದ್ದೆ. ಕಣ್ಣಾರೆ ನೋಡಿದ್ದು ಆವತ್ತೇ.

ಆಮೇಲೆ ಯೀಸ್ಟ್. ಮೊದಲು ಏನೂ ಕಾಣಲಿಲ್ಲ. ಚಿಪ್ಪಿನ ದಪ್ಪ ಒಂದೂವರೆ ಮಿಲಿಮೀಟರ್, 40ರ ಲೆನ್ಸ್ ಅಷ್ಟು ದಪ್ಪದ ಮೂಲಕ ನೋಡಲಾರದು. ಲ್ಯಾಬ್ ಅಟೆಂಡರ್ ಅಣ್ಣ ಬಂದು, 'ಟೇಪಿನ ಕಡೆ ಮೇಲೆ ಮಾಡಿ ಮೇಡಂ' ಎಂದರು. ಟೇಪ್ ಕವರ್ ಸ್ಲಿಪ್ಪಿಗಿಂತಲೂ ತೆಳು. ತಿರುಗಿಸಿ ಇಟ್ಟ ತಕ್ಷಣ ಕಣಗಳು ಒಂದರ ಹಿಂದೊಂದು ಸಾಗುವುದು ಕಂಡಿತು. ಒಂದು ಕಣ ಕಾಲುವೆಯ ಗೋಡೆಯ ಒರಟಿಗೆ ಸಿಕ್ಕಿ ನಿಂತಿತ್ತು. ಅದಕ್ಕೆ ಪುಟ್ಟ ಮೊಗ್ಗು. ಬಸ್ಸಿನಲ್ಲಿ ಆ ಮಾತಾಡಿದ ಹುಡುಗಿ ಅರ್ಧ ಗಂಟೆ ಐಪೀಸ್ ಬಿಟ್ಟು ಏಳಲಿಲ್ಲ. ಅದು ಅವಳೇ ಗೀರಿದ ಕಾಲುವೆ.

ಇನ್ನು ಜಾಗ್ರತೆಯ ಮಾತು. ಅಸಿಟೋನ್ ಹತ್ತಿರ ಬರಬಾರದು. ನೇಲ್ ಪಾಲಿಶ್ ರಿಮೂವರಿನಿಂದ ಗುರುತು ಒರೆಸಲು ಹೋಗಿ ನಮ್ಮ ಒಂದು ಹಾಳೆ ಅಂಟಂಟಾಗಿ ಬೆಳ್ಳಗಾಯಿತು. ಸ್ಪಿರಿಟ್‌ನಲ್ಲಿ ಒರೆಸಿ, ಏನೂ ಆಗುವುದಿಲ್ಲ. ಇಂಕ್‌ಜೆಟ್ ಪ್ರಿಂಟಿಗೆಂದು ಲೇಪನ ಕೊಟ್ಟ ಬಿಳಿ ಹಾಳೆ ತರಬೇಡಿ. ನಮ್ಮದು ಯುವಿ ಟಾರ್ಚಿಗೆ ತಾನೇ ನೀಲಿಯಾಗಿ ಹೊಳೆಯಿತು, ಅದರ ಮುಂದೆ ಅರಿಶಿನ ಕಾಣಲೇ ಇಲ್ಲ. ಪಾರದರ್ಶಕ, ಒಂದು ಬದಿ ಮಬ್ಬಾದ ಹಾಳೆಯೇ ಬೇಕು ಎಂದು ಕೇಳಿ. ತಿಂಡಿ ಡಬ್ಬಿಯ ಮುಚ್ಚಳದಲ್ಲಿ 6 ಎಂದಿದ್ದರೆ ಅದೂ ಕುಗ್ಗಬಹುದು. ನಾವು ನೋಡಿದ್ದು ಒಂದು ಕಡೆ ಕುಗ್ಗಿ ಇನ್ನೊಂದು ಕಡೆ ಉಬ್ಬಿತು, ಅಳತೆಯ ಕೆಲಸಕ್ಕೆ ಬರಲಿಲ್ಲ.

ಓವನ್ ಮಾತ್ರ ಬೇರೆಯದೇ ಇರಲಿ. ಪಾಲಿಸ್ಟೈರೀನ್ ಅತಿಯಾಗಿ ಕಾದರೆ ಕೆಟ್ಟ ವಾಸನೆ ಬಿಡುತ್ತದೆ, ಅದನ್ನು ಉಸಿರಾಡುವುದು ಒಳ್ಳೇದಲ್ಲ. ಕೇಕ್ ಮಾಡುವ ಓವನ್ನಿನಲ್ಲಿ ಇದನ್ನು ಇಡಲೇಬೇಡಿ. ನಮ್ಮದು ನಮ್ಮ ಅಕ್ಕನ ಮನೆಯಲ್ಲಿ ಮೂಲೆ ಸೇರಿದ್ದ ಹಳೇ ಓಟಿಜಿ. ಅದರ ಮೇಲೆ 'ಅಡುಗೆಗೆ ಅಲ್ಲ' ಎಂದು ಕೆಂಪು ಅಕ್ಷರದಲ್ಲಿ ಬರೆದಿದ್ದೇವೆ. ಕಿಟಕಿ ಪಕ್ಕ ಇಟ್ಟು, ಕೋಣೆಯ ಬಾಗಿಲೂ ತೆರೆದಿಟ್ಟು ಬಳಸುತ್ತೇವೆ. ಅದರ ಗುಂಡಿ ತೋರಿಸುವ ಡಿಗ್ರಿ ನಂಬುವ ಹಾಗಿಲ್ಲ, ಒಳಗೊಂದು ಥರ್ಮಾಮೀಟರ್ ಇಟ್ಟಿದ್ದೇವೆ.

ದುಡ್ಡಿನ ಲೆಕ್ಕ ಹೇಳುವುದಾದರೆ, ಒಂದು ಎ4 ಹಾಳೆ 48 ರೂಪಾಯಿ. ಅದರಲ್ಲಿ 50 ಮಿಲಿಮೀಟರಿನ ಇಪ್ಪತ್ತು ಚೌಕ ಸಿಗುತ್ತವೆ. ಒಂದು ಚೌಕಕ್ಕೆ ಎರಡೂವರೆ ರೂಪಾಯಿಯೂ ಬೀಳುವುದಿಲ್ಲ. ಹುಡುಗರು ಹತ್ತು ಹಾಳು ಮಾಡಿದರೂ ನಾನು ಬೈಯಬೇಕಾಗಿಲ್ಲ. ಅದಕ್ಕೇ ಅವರು ಧೈರ್ಯವಾಗಿ ಹಾಳು ಮಾಡುತ್ತಾರೆ, ಹನ್ನೊಂದನೆಯದು ಸರಿ ಬರುತ್ತದೆ. ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದು ಕಳೆದದ್ದು ಪ್ಯಾಕೆಟ್ ಮೇಲೆ ಅಳತೆ ಬರೆಯದ್ದಕ್ಕೆ.

ಈ ವರ್ಷದ ಬ್ಯಾಚಿಗೆ ಇನ್ನೆರಡು ಪ್ಯಾಕ್ ಬಂದಿದೆ. ನಿನ್ನೆ ಮೊದಲ ಚೌಕ ಓವನ್ನಿಗೆ ಇಟ್ಟೆವು. 50 ಇದ್ದದ್ದು ಒಂದು ಕಡೆ 22, ಇನ್ನೊಂದು ಕಡೆ 22 ಮತ್ತು ಅರ್ಧ. ಈ ಸಲ ಗುಳಿಗಳು ಹೆಚ್ಚುಕಡಿಮೆ ದುಂಡಗೆ ಬರುತ್ತವೆ.